ಕಾವೇರಿಯಲ್ಲಿ ಟ್ರೌಟ್ ಇಲ್ಲ ಮಾರಾಯ

ಸ್ಕಾಟ್ಲೆಂಡಿನಲ್ಲಿ ಕೆಲಸಕ್ಕಿರುವ ನನ್ನ ಬಾಮೈದ ಅಲ್ಲಿನ ಟ್ರೌಟ್ ಮೀನು ಹಿಡಿಯುವವರ ಸಂಘವೊಂದರ ಸದಸ್ಯ. ಹೊರದೇಶದಿಂದ ರಜೆಗೆ ಬರುವವರು ಚಾಕೊಲೇಟು, ಸೆಂಟು ತರುವುದು ವಾಡಿಕೆ. ಇವನು ತಂದದ್ದು ಒಂದು ಉದ್ದನೆಯ ಕೊಳವೆ. ವಿಮಾನ ನಿಲ್ದಾಣದಲ್ಲಿ "ಏನ್ರೀ ಇದು, ಬಂದೂಕಾ?" ಎಂದು ಕೇಳಿದರಂತೆ. ಅಲ್ಲವೆಂದು ಹೇಳಿ ಸುಮ್ಮನಿರಬಾರದೇ? "ನಮ್ಮೂರು ಕೊಡಗು ಸಾರ್" ಎಂದು ಸೇರಿಸಿದ್ದರಿಂದ ಅನುಮಾನ ಗಟ್ಟಿಯಾಗಿ, ಕೊಳವೆಯನ್ನು ತುದಿಯಿಂದ ಬುಡದವರೆಗೆ ಬಿಚ್ಚಿಸಿದರು.

ಒಳಗಿದ್ದದ್ದು ಗಾಳದ ಕೋಲು. ಜೊತೆಗೊಂದು ಡಬ್ಬಿ, ಅದರ ತುಂಬ ಕೋಳಿ ಪುಕ್ಕವನ್ನು ಸಣ್ಣ ಕೊಕ್ಕೆಗೆ ಸುತ್ತಿ ಮಾಡಿದ ನಕಲಿ ನೊಣಗಳು. ಒಂದೊಂದಕ್ಕೂ ಒಂದೊಂದು ಹೆಸರು. ನಮ್ಮತ್ತೆ ಅವನ್ನು ಬೆಳಕಿಗೆ ಹಿಡಿದು, "ಓಲೆ ಚೆನ್ನಾಗಿದೆ, ಇದರ ಜೋಡಿ ಎಲ್ಲಿ ಮಗಾ?" ಎಂದರು.

"ಭಾವ, ಕಾವೇರೀಲಿ ಟ್ರೌಟ್ ಯಾವ ಕಡೆ ಸಿಗುತ್ತೆ?"

ಯಾವ ಕಡೆಯೂ ಸಿಗುವುದಿಲ್ಲ. ಟ್ರೌಟ್ ತಣ್ಣೀರಿನ ಮೀನು. ನೀರಿನ ಬಿಸಿ ಇಪ್ಪತ್ತು ಡಿಗ್ರಿ ದಾಟಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಊರಿನ ನೆನಪು ಕಾಡಿದ ಬ್ರಿಟಿಷರು ಅದನ್ನು ತಂದು ನೀಲಗಿರಿಯ ತೊರೆಗಳಿಗೆ ಬಿಟ್ಟರು, ಅಲ್ಲಿನ ಚಳಿಯಲ್ಲಿ ಅದು ಬದುಕಿಕೊಂಡಿತು. ನಮ್ಮ ಹೊಳೆಯ ದೊರೆ ಮಹಶೀರ್, ನಮ್ಮವರ ಬಾಯಲ್ಲಿ ಬಿಳಿಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರ ಗಾಳಕ್ಕೆ ಸಿಕ್ಕಿದ್ದು 120 ಪೌಂಡ್ ತೂಗಿತ್ತು, ಅಂದರೆ ಐವತ್ತನಾಲ್ಕು ಕಿಲೋ. ಇಷ್ಟು ಹೇಳಿದೆ. ಬಾಮೈದ ತನ್ನ ಓಲೆಗಳ ಡಬ್ಬಿಯನ್ನು ಮೆಲ್ಲಗೆ ಮುಚ್ಚಿದ.

ವಾಲ್ನೂರು ಕಡೆಯ ಕಾವೇರಿಯಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಬಹಳ ವರ್ಷಗಳಿಂದ ಈ ಮೀನನ್ನು ಕಾಯ್ದುಕೊಂಡು ಬಂದಿದ್ದಾರೆ. ಅಲ್ಲಿ ಪರವಾನಗಿ ಬೇಕು, ಹಿಡಿದದ್ದನ್ನು ಬಿಡಲೇಬೇಕು. ಪರವಾನಗಿ ಮಾಡಿಸಿ ಹೊರಟೆವು. ದಾರಿ ತೋರಿಸಲು ಪರಿಚಯದ ಹಿರಿಯರೊಬ್ಬರು ಬಂದರು. ತೋಟ ಮಕ್ಕಳಿಗೆ ಬಿಟ್ಟು ಹೊಳೆ ಹಿಡಿದವರು ಅವರು. ಮಾತು ಕಮ್ಮಿ, ಗೊಣಗಾಟ ಜಾಸ್ತಿ.

ಬಾಮೈದ ಎದೆಯವರೆಗಿನ ರಬ್ಬರ್ ಪ್ಯಾಂಟು ತೊಟ್ಟು ನೀರಿಗಿಳಿದ. ಸ್ಕಾಟ್ಲೆಂಡಿನಲ್ಲಿ ಅದು ಚಳಿ ತಡೆಯುತ್ತದಂತೆ. ಇಲ್ಲಿ ಬೇಸಿಗೆ, ಒಳಗೆ ಬೆವರು. ನಾಲ್ಕು ಹೆಜ್ಜೆಗೆ ಪಾಚಿ ಬಂಡೆ ಜಾರಿ, ಪ್ಯಾಂಟಿನೊಳಕ್ಕೆ ಕಾವೇರಿ ತುಂಬಿ, ಎರಡು ಕಾಲಿನ ನೀರಿನ ಡ್ರಮ್ಮಾಗಿ ನಿಂತ. ನಾನೂ ಹಿರಿಯರೂ ಸೇರಿ ಅವನನ್ನು ದಡಕ್ಕೆಳೆದು ಮಗುಚಿ ಖಾಲಿ ಮಾಡಿದೆವು. ಆಮೇಲೆ ಚಡ್ಡಿಯಲ್ಲೇ ನಿಂತು ಗಾಳ ಬೀಸಿದ. ಮೊದಲು ಸಿಕ್ಕಿದ್ದು ಹಿಂದಿನ ಅತ್ತಿಮರ, ಆಮೇಲೆ ನನ್ನ ಟೋಪಿ.

ಹಿರಿಯರು ಮಾತಿಲ್ಲದೆ ಚೀಲದಿಂದ ರಾಗಿ ಹಿಟ್ಟಿನ ಉಂಡೆ ತೆಗೆದರು. ಬಿಳಿಮೀನಿಗೆ ರಾಗಿಯೆಂದರೆ ಪ್ರಾಣ. ಪ್ರಾಣ ಬಿಡುವವರು ಇನ್ನೊಬ್ಬರಿದ್ದರು. ತೋಟದ ನಾಯಿ ಬಂದು ಅರ್ಧ ಚೀಲ ತಿಂದು, ಬಾಲ ಆಡಿಸುತ್ತ ಉಳಿದರ್ಧಕ್ಕೆ ಕಾದು ಕೂತಿತು. ನನಗೆ ಕೊಟ್ಟ ಕೆಲಸ ನಾಯಿ ಕಾಯುವುದು.

ಸಂಜೆ ಹೊತ್ತಿಗೆ ದಾರ ಬಿಗಿಯಿತು. ರೀಲು ಕಿರುಗುಟ್ಟಿತು, ಬಾಮೈದ ಇಂಗ್ಲಿಷ್ ಮರೆತ. ಸುಮಾರು ಹೊತ್ತು ಎಳೆದಾಡಿಸಿ ಮೀನು ದಡದ ಹತ್ತಿರ ಬಂತು. ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ಹೊಳೆಯುವ ಹುರುಪೆ. ಎತ್ತಿ ಫೋಟೋ ತೆಗೆಯುವ ಆತುರ ನನ್ನದು. "ಕೈ ಒದ್ದೆ ಮಾಡ್ಕೊ! ಒಣಕೈಯಲ್ಲಿ ಮುಟ್ಟಿದ್ರೆ ಮೈ ಲೋಳೆ ಹೋಗಿ ಹುಣ್ಣಾಗುತ್ತೆ" ಎಂದು ಹಿರಿಯರು ಗದರಿದರು. ಮುಳ್ಳಿಲ್ಲದ ಕೊಕ್ಕೆ ಸಲೀಸಾಗಿ ಬಿಚ್ಚಿತು. ದಣಿದ ಮೀನನ್ನು ಹಾಗೇ ಎಸೆಯುವಂತಿಲ್ಲ, ಹರಿವಿಗೆ ಮುಖ ಮಾಡಿ ಹಿಡಿದು ಅದು ಉಸಿರು ತಿರುಗಿಸಿಕೊಳ್ಳುವವರೆಗೆ ಕಾಯಬೇಕು.

ಆಗಲೇ ಎದುರು ದಡದ ಬಿದಿರು ಲಟಲಟ ಅಂದಿತು. ಆನೆಗಳು, ಮರಿ ಸಮೇತ.

ನಾಯಿ ಮೊದಲು ಓಡಿತು, ಅದನ್ನು ಕಾಯುವ ಕೆಲಸ ನನ್ನದಾದ್ದರಿಂದ ನಾನೂ ಹಿಂದೆಯೇ ಓಡಿದೆ. ಜೀಪಿನ ಮರೆಯಿಂದ ಇಣುಕಿದರೆ ಇಬ್ಬರೂ ಮೊಣಕಾಲುದ್ದದ ನೀರಿನಲ್ಲೇ ಬಗ್ಗಿ ನಿಂತಿದ್ದಾರೆ.

"ಅಂಕಲ್, ಬಿಟ್ಬಿಡ್ಲಾ?"

"ಇನ್ನೂ ಬಾಲ ಆಡಿಸ್ತಾ ಇಲ್ಲ. ತಡಿ."

"ಆನೆ ಅಂಕಲ್!"

"ಅದು ನೀರು ಕುಡಿಯೋಕೆ ಬಂದಿದೆ, ನಿನ್ನ ನೋಡೋಕಲ್ಲ."

ಮೀನು ಕೊನೆಗೊಮ್ಮೆ ಬಾಲ ಬಡಿದು ಇಬ್ಬರ ಮುಖಕ್ಕೂ ನೀರೆರಚಿ ಹೋಯಿತು. ಹಿರಿಯರಿಗೆ ಅಷ್ಟೇನೂ ಖುಷಿಯಿಲ್ಲ. "ನೀಲಿ ರೆಕ್ಕೆ" ಎಂದು ಗೊಣಗಿದರು. ಅವರ ಗೊಣಗಾಟಕ್ಕೆ ಅರ್ಥವಿದೆ. ಕಾವೇರಿಯ ಸ್ವಂತ ಮಹಶೀರ್ ಗೂನುಬೆನ್ನಿನದು, ಕಿತ್ತಳೆ ರೆಕ್ಕೆಯದು. ಅದು ಕಮ್ಮಿಯಾಯಿತೆಂದು ಹೊಳೆಗೆ ಬಿಟ್ಟ ಮರಿಗಳು ಲೋನಾವಳಾದಲ್ಲಿ ಬೆಳೆಸಿದ ನೀಲಿ ರೆಕ್ಕೆಯವು. ಉಪಕಾರಕ್ಕೆ ಬಂದ ನೆಂಟರು ನಡುಮನೆಯನ್ನೇ ಹಿಡಿದರು. ಗೂನುಬೆನ್ನಿನ ಮೀನು ಟೋರ್ ರೆಮಾದೇವಿ ಎಂಬ ಜಾತಿಯದೆಂದು ಇತ್ಯರ್ಥವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಯನ್ನೂ ಸೇರಿತು. ಗುರುತಿನ ಚೀಟಿಯೂ ಐಸಿಯು ಹಾಸಿಗೆಯೂ ಒಟ್ಟಿಗೇ ಸಿಕ್ಕಂತಾಯಿತು. ಇನ್ನು ರಾತ್ರಿ ತೋಟೆ ಸಿಡಿಸಿ ಮರಿಮೊಟ್ಟೆ ಸಮೇತ ಗುಡಿಸಿಕೊಂಡು ಹೋಗುವವರ ಬಗ್ಗೆ ಹಿರಿಯರು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮನೆ ತಲುಪಿದಾಗ ಅತ್ತೆ ಕೊತ್ತಂಬರಿ, ಮೆಣಸು ಹುರಿದು ಮಸಾಲೆ ಅರೆದು, ಹುಳಿಗೆಂದು ಕಾಚಂಪುಳಿ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದರು.

"ಎಲ್ಲಿ ಮೀನು?"

ಬಾಮೈದ ಹೆಮ್ಮೆಯಿಂದ ಮೊಬೈಲು ಚಾಚಿದ. ಅತ್ತೆ ಕನ್ನಡಕ ಏರಿಸಿ ಫೋಟೋವನ್ನು ಹಿಗ್ಗಿಸಿ, ತಲೆಯಿಂದ ಬಾಲದವರೆಗೆ ನೋಡಿದರು.

"ಹಿಡಿದು ಬಿಟ್ಯಾ?"

"ಹೂಂ ಅಮ್ಮ. ಅದೇ ನಿಯಮ."

"ಇದಕ್ಕೆ ಸ್ಕಾಟ್ಲೆಂಡಿಗೆ ಹೋಗಿ ಕಲೀಬೇಕಿತ್ತಾ? ನಿಮ್ಮಪ್ಪ ದಿನಾ ಗಾಳ ಹಾಕಿ ಬರಿಗೈಲೇ ಬರ್ತಿದ್ರು," ಎಂದು ನನ್ನ ಕೈಗೆ ಚೀಲ ಕೊಟ್ಟರು. "ಮಸಾಲೆ ಹಾಳಾಗುತ್ತೆ. ಪೇಟೇಲಿ ಮಂಗಳೂರಿನ ಮತ್ತಿ ಇದ್ದರೆ ಒಂದು ಕಿಲೋ ತನ್ನಿ. ದಾರೀಲಿ ಅದನ್ನೂ ಬಿಟ್ಟು ಬರಬೇಡಿ."