ಗಾಳಿ ಬೀಸಿದರೆ ಅಲೆ, ನಿಂತರೆ ನುಸಿ

ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಿಂದ ಇನ್ವರ್ನೆಸ್‌ವರೆಗೆ, ಗ್ರೇಟ್ ಗ್ಲೆನ್ ಕಣಿವೆಯ ಉದ್ದಕ್ಕೂ ಸುಮಾರು 95 ಕಿಲೋಮೀಟರ್ ದೂರ ದೋಣಿಯಲ್ಲಿಯೇ ಸಾಗಬಹುದು. ಥಾಮಸ್ ಟೆಲ್ಫರ್ಡ್ ಎಂಬ ಎಂಜಿನಿಯರ್ ರೂಪಿಸಿದ, 1822ರಲ್ಲಿ ಸಂಚಾರಕ್ಕೆ ತೆರೆದ ಕ್ಯಾಲೆಡೋನಿಯನ್ ಕಾಲುವೆಯು ದಾರಿಯಲ್ಲಿರುವ ಸರೋವರಗಳನ್ನು ಒಂದಕ್ಕೊಂದು ಜೋಡಿಸಿದೆ. ಗ್ಲಾಸ್ಗೋದಲ್ಲಿರುವ ನಮ್ಮ ಮನೆಗೆ ತೀರ್ಥಹಳ್ಳಿಯಿಂದ ಬಂದಿದ್ದ ಭಾವನವರಿಗೆ ಈ ಯಾತ್ರೆಯ ಪ್ರಸ್ತಾಪ ಮಾಡಿದಾಗ, ತುಂಗೆಯಲ್ಲಿ ಈಜಿ ಬೆಳೆದವರಿಗೆ ಇದೆಲ್ಲ ಏನು ಮಹಾ ಎಂದು ಒಪ್ಪಿಕೊಂಡರು. ಲಾಖ್ ನೆಸ್ ಸರೋವರ 230 ಮೀಟರ್ ಆಳವಿದೆ ಎಂಬ ಸಂಗತಿಯನ್ನು ನಾನು ಆಗ ಹೇಳಲಿಲ್ಲ. ತೆರೆದ ಕೆನೂ ದೋಣಿಯ ಮುಂಭಾಗದಲ್ಲಿ ಕೂರಲು ಒಳ್ಳೆಯ ತೂಕದ ಮನುಷ್ಯರೊಬ್ಬರು ಬೇಕಾಗಿದ್ದರು.

ಕಾಲುವೆಯಲ್ಲಿ ನೀರಿನ ಮಟ್ಟವನ್ನು ಏರಿಸಿ ಇಳಿಸುವ ಕಟ್ಟೆಬಾಗಿಲುಗಳೊಳಗೆ ಯಂತ್ರದ ದೋಣಿಗಳಿಗೆ ಪ್ರವೇಶವುಂಟೇ ಹೊರತು ನಮ್ಮಂತಹ ಹುಟ್ಟು ಹಾಕುವವರಿಗಿಲ್ಲ. ಆದುದರಿಂದ ಅಂತಹ ಕಡೆಗಳಲ್ಲೆಲ್ಲ ದೋಣಿಯನ್ನು ದಡಕ್ಕೆತ್ತಿ, ಎರಡು ಚಕ್ರದ ತಳ್ಳುಗಾಡಿಗೆ ಬಿಗಿದು, ರಸ್ತೆಯಲ್ಲಿ ಎಳೆದುಕೊಂಡು ಹೋಗಬೇಕು. ಫೋರ್ಟ್ ಅಗಸ್ಟಸ್‌ನಲ್ಲಿ ಮೆಟ್ಟಿಲುಗಳಂತೆ ಸಾಲಾಗಿರುವ ಇಂತಹ ಐದು ಕಟ್ಟೆಬಾಗಿಲುಗಳ ಪಕ್ಕದ ಇಳಿಜಾರಿನಲ್ಲಿ, ಐಸ್‌ಕ್ರೀಂ ತಿನ್ನುತ್ತಿದ್ದ ಪ್ರವಾಸಿಗರ ನಡುವೆ, ಗಾಡಿಯ ಒಂದು ಚಕ್ರ ಕಳಚಿಕೊಂಡು ನಮಗಿಂತ ಮೊದಲೇ ಲಾಖ್ ನೆಸ್ ಕಡೆಗೆ ಹೊರಟಿತು. ಅದರ ಹಿಂದೆ ಓಡಿದ ಭಾವನವರನ್ನು ತಡೆದು, ಆ ಸರೋವರದಲ್ಲಿದೆಯೆಂದು ಜನ ಕಥೆ ಹೇಳುವ ರಾಕ್ಷಸನನ್ನು ಹುಡುಕುತ್ತಿದ್ದೀರಾ ಎಂದು ಮುದುಕಿಯೊಬ್ಬರು ವಿಚಾರಿಸಿದರು. "ಇಲ್ಲಮ್ಮಾ, ಚಕ್ರವನ್ನು" ಎಂದು ಇವರು ಅಚ್ಚ ಕನ್ನಡದಲ್ಲಿಯೇ ಉತ್ತರಿಸಿದರು.

ಈ ಯಾತ್ರೆಯ ನಿಜವಾದ ಯಜಮಾನ ಗಾಳಿ. ಕಣಿವೆ ಒಲೆಯೂದುವ ಕೊಳವೆಯಷ್ಟು ನೇರವಾಗಿರುವುದರಿಂದ, ನೈರುತ್ಯದ ಗಾಳಿ ಸುಮಾರು 37 ಕಿಲೋಮೀಟರ್ ಉದ್ದದ ಲಾಖ್ ನೆಸ್ ಮೇಲೆ ತಡೆಯಿಲ್ಲದೆ ಓಡುತ್ತಾ, ಹೋಗಹೋಗುತ್ತ ಅಲೆಗಳನ್ನು ದೊಡ್ಡದು ಮಾಡುತ್ತದೆ. ಬೆನ್ನ ಹಿಂದಿನ ಗಾಳಿ ಎಂದು ಹಿಗ್ಗಿದ್ದ ನಮ್ಮ ಬೆನ್ನ ಹಿಂದಿನಿಂದಲೇ ನೀರು ಒಳಗೆ ಬಂದು ಮಲಗುವ ಚೀಲ, ಬೆಂಕಿಪೊಟ್ಟಣ, ಅಕ್ಕ ಕಟ್ಟಿಕೊಟ್ಟಿದ್ದ ಅವಲಕ್ಕಿ ಎಲ್ಲವನ್ನೂ ನೆನೆಸಿತು. ನೆನೆದದ್ದರಿಂದ ಉಪಯೋಗಕ್ಕೆ ಬಂದ ವಸ್ತು ಅವಲಕ್ಕಿಯೊಂದೇ. ಗಾಳಿ ನಿಲ್ಲಲಿ ಎಂದು ಭಾವನವರು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತರು.

ಸಂಜೆ ದಡ ಸೇರಿ ಗುಡಾರ ಹೂಡುವ ಹೊತ್ತಿಗೆ ಹರಕೆ ಫಲಿಸಿ ಗಾಳಿ ನಿಂತಿತು. ಅದಕ್ಕೇ ಕಾದಿದ್ದವೋ ಎಂಬಂತೆ ಮಿಡ್ಜ್ ಎಂಬ ನುಸಿಗಳು ಎದ್ದವು. ಗಂಟೆಗೆ ಹನ್ನೊಂದು ಕಿಲೋಮೀಟರ್ ಮೀರಿದ ಗಾಳಿಯಲ್ಲಿ ಇವು ಹಾರಲಾರವು, ಕಚ್ಚುವುದು ಹೆಣ್ಣು ನುಸಿ ಮಾತ್ರ ಎಂದು ನಾನು ವಿವರಿಸುತ್ತಿದ್ದರೆ, ಭಾವನವರು ಪಂಚೆಯನ್ನು ತಲೆಯ ಮೇಲೆ ಮುಸುಕೆಳೆದುಕೊಂಡು, "ನಮ್ಮೂರಿನ ಉಂಬಳವೇ ವಾಸಿ ಮಾರಾಯ, ಕಚ್ಚಿದ್ದೇ ಗೊತ್ತಾಗಲ್ಲ" ಎಂದರು. ಅನಂತರ ಅದೇ ದೇವರುಗಳಿಗೆ ಗಾಳಿ ಬೀಸಲಿ ಎಂದು ಮತ್ತೆ ಹರಕೆ ಹೊತ್ತರು. ಅದು ಫಲಿಸಿದ್ದು ಮರುದಿನ ಬೆಳಿಗ್ಗೆ, ನಾವು ನೀರಿಗಿಳಿದ ಮೇಲೆ.

ಇನ್ವರ್ನೆಸ್ ತಲುಪಿದ ಸಂಜೆ ಊರಿನಿಂದ ಫೋನ್ ಮಾಡಿದ ಅಕ್ಕ, ಆ ರಾಕ್ಷಸ ಏನಾದರೂ ಕಾಣಿಸಿತೇ ಎಂದು ಕೇಳಿದಳು. "ಆ ಸರೋವರದಲ್ಲಿ ನಾನು ಕಣ್ಣು ಬಿಟ್ಟಿದ್ದರೆ ತಾನೇ ಕಾಣೋದು" ಎಂದರು ಭಾವನವರು.