ಮಕ್ಕಳಿಗೆ ಹೇಳಿ, ಪಿಯಾನೋ ಜೋರಾಗಲಿ

ಗಾಂಜಾ ಸೇದಿದವರು ಏನು ಮಾಡುತ್ತಾರೆ? ನಾವು ಕಂಡಂತೆ ಮೂಲೆ ಹಿಡಿದು ಕೂರುತ್ತಾರೆ, ಕಾರಣವಿಲ್ಲದೆ ಕಿಸಕ್ಕೆಂದು ನಗುತ್ತಾರೆ, ಆಮೇಲೆ ಎರಡು ಪ್ಲೇಟ್ ಇಡ್ಲಿ ಜಾಸ್ತಿ ತಿನ್ನುತ್ತಾರೆ. 1936ರ ಅಮೆರಿಕನ್ ಸಿನಿಮಾ ‘ರೀಫರ್ ಮ್ಯಾಡ್ನೆಸ್’ ಇದನ್ನೆಲ್ಲ ಒಪ್ಪುವುದಿಲ್ಲ. ಅದರಲ್ಲಿ ಹುಡುಗನೊಬ್ಬ ದಮ್ ಎಳೆದು ಕಾರು ಓಡಿಸಿ ದಾರಿಹೋಕನಿಗೆ ಗುದ್ದುತ್ತಾನೆ, ಹುಡುಗಿಯೊಬ್ಬಳು ಗುಂಡೇಟಿಗೆ ಸಾಯುತ್ತಾಳೆ, ಇನ್ನೊಬ್ಬಳು ಕಿಟಕಿಯಿಂದ ಹಾರುತ್ತಾಳೆ, ಒಬ್ಬನಿಗೆ ಹುಚ್ಚಾಸ್ಪತ್ರೆಯೇ ಕಾಯಂ ಮನೆ. ಎಲ್ಲವೂ ಒಂದು ಗಂಟೆ ಚಿಲ್ಲರೆಯಲ್ಲಿ. ನಮ್ಮ ಧಾರಾವಾಹಿಯವರಾದರೆ ಇಷ್ಟು ಸರಕಿನಲ್ಲಿ ಆರು ವರ್ಷ ದೂಡುತ್ತಿದ್ದರು.

ನನಗಂತೂ ಪಿಯಾನೋ ಸೀನೆಂದರೆ ಪ್ರಾಣ. ಕೊನೆಗೆ ಹುಚ್ಚಾಸ್ಪತ್ರೆ ಸೇರುವ ರಾಲ್ಫ್ ಕಣ್ಣುಗುಡ್ಡೆ ಹೊರಬೀಳುವ ಹಾಗೆ ನೋಡುತ್ತಾ ಪುಸುಪುಸು ಹೊಗೆ ಎಳೆಯುತ್ತಾನೆ. ಕಿಟಕಿಯಿಂದ ಹಾರಲಿರುವ ಬ್ಲಾಂಚ್ ಪಿಯಾನೋ ಬಾರಿಸುತ್ತಿದ್ದಾಳೆ. ‘ಬೇಗ, ಇನ್ನೂ ಬೇಗ!’ ಎಂದು ಅರಚುತ್ತಾನೆ. ಭಜನೆಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ತಾಳ ಏರುವುದೂ ಹೀಗೇ. ಅಲ್ಲಿ ಫಿಲ್ಟರ್ ಕಾಫಿ ಬಿಟ್ಟರೆ ಬೇರೇನೂ ಇರುವುದಿಲ್ಲ, ಅಷ್ಟೇ.

ಚಿತ್ರದಲ್ಲಿ ಈ ಕಥೆಯನ್ನೆಲ್ಲ ಪೋಷಕರ ಸಭೆಯಲ್ಲಿ ಹೇಳುವವರು ಶಾಲೆಯ ಹೆಡ್‌ಮಾಸ್ತರು. ಚಿತ್ರದ ಮೊದಲ ಹೆಸರೇ ‘ಟೆಲ್ ಯುವರ್ ಚಿಲ್ಡ್ರನ್’, ಅಂದರೆ ‘ನಿಮ್ಮ ಮಕ್ಕಳಿಗೆ ಹೇಳಿ’. ಆಗ ಹಾಲಿವುಡ್‌ನ ನೀತಿಸಂಹಿತೆ ಡ್ರಗ್ಸ್ ದಂಧೆಯನ್ನು ತೆರೆಗೆ ತರಲು ಬಿಡುತ್ತಿರಲಿಲ್ಲ. ದೊಡ್ಡ ಸ್ಟುಡಿಯೋಗಳು ಸುಮ್ಮನಿದ್ದವು. ಅಗ್ಗದ ಮಸಾಲೆ ಚಿತ್ರಗಳ ವ್ಯಾಪಾರಿ ಡ್ವೇನ್ ಎಸ್ಪರ್ ಸುಮ್ಮನಿರುವ ಪೈಕಿಯಲ್ಲ. ಚಿತ್ರ ಕೊಂಡ, ಇನ್ನಷ್ಟು ಮಸಾಲೆ ಅರೆದು ಹಾಕಿದ, ‘ಶೈಕ್ಷಣಿಕ’ ಎಂಬ ನಾಮ ಎಳೆದು ಊರೂರು ತಿರುಗಿಸಿದ. ಟಿಕೆಟ್ ಕೊಂಡವನಿಗೆ ಹೆಂಗಸೊಬ್ಬಳು ಸ್ಟಾಕಿಂಗ್ಸ್ ಏರಿಸಿಕೊಳ್ಳುವುದನ್ನು ನೋಡುವ ಭಾಗ್ಯವೂ ಸಿಕ್ಕಿತು, ಛೇ ಎಂದ ಪುಣ್ಯವೂ ಸಿಕ್ಕಿತು.

ಮರುವರ್ಷ, 1937ರಲ್ಲಿ, ಸಂಸತ್ತು ಗಾಂಜಾಕ್ಕೆ ಕಡಿವಾಣ ಹಾಕಿತು. ಹೇಗೆ? ತೆರಿಗೆ ಕಾಯ್ದೆಯಿಂದ. ಪಾಪವನ್ನೂ ರಸೀದಿ ಹರಿದೇ ನಿಲ್ಲಿಸಬೇಕು!

ಚಿತ್ರ ಮೂಲೆ ಸೇರಿತು. 1972ರಲ್ಲಿ ಅದನ್ನು ಕೈಹಿಡಿದೆತ್ತಿದವನು ಕೀತ್ ಸ್ಟ್ರೂಪ್, ಗಾಂಜಾ ಕಾನೂನು ಸಡಿಲಿಸಿ ಎಂದು ಹೋರಾಡುತ್ತಿದ್ದ ‘ನಾರ್ಮಲ್’ ಸಂಘಟನೆಯ ಸ್ಥಾಪಕ. ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ 297 ಡಾಲರಿಗೆ ಒಂದು ಪ್ರತಿ ಕೊಂಡು, ಕಾಲೇಜುಗಳಲ್ಲಿ ತೋರಿಸಿ, ಅದೇ ಹೋರಾಟಕ್ಕೆ ದುಡ್ಡೆತ್ತಿದ. ಹೆದರಬೇಕಿದ್ದ ವಯಸ್ಸಿನವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೈಯಲ್ಲಿ ಏನಿತ್ತೆಂದು ಕೇಳಬೇಡಿ.

2004ರಲ್ಲಿ ಕಪ್ಪುಬಿಳುಪಿನ ಚಿತ್ರಕ್ಕೆ ಬಣ್ಣ ಬಳಿದು ಡಿವಿಡಿ ತಂದರು. ಹೊಗೆಗೂ ಬಗೆಬಗೆಯ ಬಣ್ಣ. ಬಿಡುಗಡೆಗೆ ಆರಿಸಿದ ಮುಹೂರ್ತ ಏಪ್ರಿಲ್ 20, ಅಲ್ಲಿನ ಗಾಂಜಾಪ್ರಿಯರ ಹಬ್ಬದ ದಿನ.