ಗಾಡಿ ಬೆಳೆಯಿತು, ಮೂಟೆ ಹೊರುವವರು ಬೆಳೆಯಲಿಲ್ಲ

ಹೋದ ಭಾನುವಾರ ನನ್ನ ಪಿಕಪ್ ಮೂರು ಇಂಚು ಕುಳ್ಳಗಾಯಿತು. ಒಂದೂವರೆ ವರ್ಷ ಎತ್ತರದಲ್ಲಿ ಮೆರೆದು, ಮತ್ತೆ ಕಾರ್ಖಾನೆಯಿಂದ ಬಂದ ಎತ್ತರಕ್ಕೆ ಇಳಿದಿದೆ. ಗಾಡಿ ಎತ್ತರಿಸುವ ಸಾಮಾನು ಹಾಕಿಸಿದವನೂ ನಾನೇ, ತೆಗೆಸಿದವನೂ ನಾನೇ, ಎರಡು ಸಲವೂ ದುಡ್ಡು ತೆತ್ತವನೂ ನಾನೇ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ನಮ್ಮ ಕಡೆ ಈಗ ಹೊಸ ಪಿಕಪ್ ತಂದ ಹುಡುಗರು ನಂಬರ್ ಪ್ಲೇಟ್ ಬರುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಎಷ್ಟು ಇಂಚು ಎತ್ತಿಸಲಿ?"

ನಮ್ಮದು ಸಕಲೇಶಪುರದ ಕಡೆಯ ಕಾಫಿ ತೋಟ. ತೋಟವೆಂದರೆ ಬಂಗಲೆ, ನಾಯಿ, ಕುದುರೆ ಎಂದು ಊಹಿಸಿಕೊಳ್ಳಬೇಡಿ. ಸಣ್ಣ ಹಿಡುವಳಿ. ಟಾರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ಅದರಲ್ಲಿ ಎರಡು ಏರು, ಒಂದು ಹಳ್ಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯ ಕೆಂಪು ಜೇಡಿ ಬೆಣ್ಣೆಯಂತೆ ಜಾರುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಪಿಕಪ್ ಕೊಂಡದ್ದು ಅದಕ್ಕಾಗಿಯೇ. ಕಂಪನಿಯ ಹೆಸರು ಬೇಡ. ತಪ್ಪು ಗಾಡಿಯದಲ್ಲ.

ಮೊದಲ ಮಳೆಗಾಲದಲ್ಲೇ ಚಕ್ರದ ಹೊಂಡಗಳ ನಡುವಿನ ದಿಣ್ಣೆಗೆ ಹಿಂದಿನ ಹೌಸಿಂಗ್, ಎಂದರೆ ಹಿಂದಿನ ಆಕ್ಸಲ್ಲನ್ನು ಮುಚ್ಚಿದ ಕಬ್ಬಿಣದ ಕವಚ, ಕೂತಿತು. ನಾಲ್ಕು ಚಕ್ರವೂ ಗಾಳಿಯಲ್ಲಿ ಈಜಾಡಿದಂತೆ ತಿರುಗಿದವು. ಟ್ರ್ಯಾಕ್ಟರ್ ಬಂದು ಎಳೆಯಿತು. ಎಳೆದವನು ನಕ್ಕ. ನಿಜ ಹೇಳುತ್ತೇನೆ, ಗಾಡಿ ಸಿಕ್ಕಿಕೊಂಡದ್ದಕ್ಕಿಂತ ಆ ನಗು ಹೆಚ್ಚು ಖರ್ಚು ಮಾಡಿಸಿತು. ಆ ತಿಂಗಳೇ 235/75 ಆರ್15 ಟೈರು ಬಿಚ್ಚಿಸಿ 31/10.5 ಆರ್15 ಮಡ್ ಟೈರು ಹಾಕಿಸಿದೆ. ತಿರುವಿನಲ್ಲಿ ಅದು ಮಡ್‌ಗಾರ್ಡಿಗೆ ಉಜ್ಜಿತು. ಉಜ್ಜದಿರಲಿ ಎಂದು ಮುಂದೆ ಸ್ಪ್ರಿಂಗ್ ಮೇಲೆ ಅಲ್ಯೂಮಿನಿಯಂ ಬಿಲ್ಲೆ (ಸ್ಪೇಸರ್), ಹಿಂದೆ ಹೌಸಿಂಗ್‌ಗೂ ಪ್ಲೇಟ್ ಸೆಟ್ಟಿಗೂ (ಪಟ್ಟಿ ಸ್ಪ್ರಿಂಗಿಗೂ) ನಡುವೆ ಎರಡು ಇಂಚಿನ ಬ್ಲಾಕ್. ಕೌಪೀನ ಕಾಪಾಡಲು ಬೆಕ್ಕು, ಬೆಕ್ಕಿಗೆ ಹಾಲು, ಹಾಲಿಗೆ ಹಸು ಎಂದು ಸಂಸಾರ ಹೂಡಿದ ಸನ್ಯಾಸಿಯ ಕಥೆ ನೆನಪಿದೆಯಲ್ಲ? ಅದೇ ಕಥೆ, ಹಸುವಿನ ಜಾಗದಲ್ಲಿ ವೀಲ್ ಅಲೈನ್‌ಮೆಂಟ್.

ಯಾರೂ ನನಗೆ ಮೊದಲೇ ಹೇಳದ ಒಂದು ಮಾತನ್ನು ಈಗ ಹೇಳುತ್ತೇನೆ. ಸ್ಪೇಸರ್, ಬ್ಲಾಕ್, ಪ್ಲೇಟ್ ಸೆಟ್ಟಿನ ತುದಿ ಹಿಡಿಯುವ ಉದ್ದನೆಯ ಶಾಕಲ್, ಏನೇ ಹಾಕಿಸಿ, ಅದು ಎತ್ತುವುದು ಚಾಸಿಯನ್ನು (ಗಾಡಿಯ ಅಡಿಯ ಚೌಕಟ್ಟನ್ನು), ಬಾಡಿಯನ್ನು, ನಿಮ್ಮ ಸೀಟನ್ನು. ಹಿಂದಿನ ಹೌಸಿಂಗ್ ಚಕ್ರಕ್ಕೆ ಅಂಟಿಕೊಂಡದ್ದು, ಅದು ಇದ್ದಲ್ಲೇ ಇರುತ್ತದೆ. ದಿಣ್ಣೆಗೆ ಕೂರುವುದು ಆ ಹೌಸಿಂಗಿನ ನಡುವೆ ಉಬ್ಬಿದ ಗುಂಡೇ ಆದ್ದರಿಂದ ಎರಡು ಇಂಚಿನ ಬ್ಲಾಕ್‌ನಿಂದ ಅಲ್ಲಿ ಸಿಗುವ ಲಾಭ ಸೊನ್ನೆ. ಅದನ್ನು ಎತ್ತಬಲ್ಲದ್ದು ಟೈರು ಮಾತ್ರ. ಟೈರಾದರೂ ಎಷ್ಟು ಎತ್ತುತ್ತದೆ? ಲೆಕ್ಕ ಹಾಕಿ. ಹಳೆಯ ಟೈರಿನ ಅಗಲ 235 ಮಿಲಿಮೀಟರ್, ಅದರ ಶೇಕಡ 75 ಪಕ್ಕದ ಎತ್ತರ, ಮೇಲೊಂದು ಕೆಳಗೊಂದು, ನಡುವೆ ಟೈರು ಕೂರುವ 15 ಇಂಚಿನ ಡಿಸ್ಕ್. ಒಟ್ಟು ಸುಮಾರು 733 ಮಿಲಿಮೀಟರ್. ಹೊಸದು 31 ಇಂಚು, ಎಂದರೆ 787. ವ್ಯತ್ಯಾಸ 54. ಅದರಲ್ಲಿ ಅರ್ಧ ಆಕ್ಸಲ್ಲಿನ ಮೇಲಕ್ಕೆ ಹೋಗುತ್ತದೆ, ಅರ್ಧ ಕೆಳಕ್ಕೆ. ಹೌಸಿಂಗ್ ಅಡಿಯಲ್ಲಿ ನನಗೆ ಸಿಕ್ಕದ್ದು 27 ಮಿಲಿಮೀಟರ್. ಒಂದು ಇಂಚು, ಮೇಲೊಂದು ಕೂದಲೆಳೆ. ದೂರದಿಂದ ನೋಡಿದವರಿಗೆ ಮೂರು ಇಂಚು ಎತ್ತರದ ಗಾಡಿ, ದಿಣ್ಣೆಯ ಪಾಲಿಗೆ ಒಂದೇ ಇಂಚು.

ಆ ಒಂದು ಇಂಚಿಗೆ ಕೊಟ್ಟ ಬೆಲೆಯೇ ಬೇರೆ. ಟೈರು ದೊಡ್ಡದಾದಾಗ ಅದರ ಒಂದು ಸುತ್ತು ಶೇಕಡ ಏಳರಷ್ಟು ಹೆಚ್ಚು ದೂರ ಹೋಗುತ್ತದೆ. ಮೀಟರ್‌ಗೆ ಇದು ತಿಳಿಯದು. ಅದು 80 ಎನ್ನುವಾಗ ನಾನು 86ರಲ್ಲಿ ಹೋಗುತ್ತಿದ್ದೆ. ಏರಿನಲ್ಲಿ ಮೊದಲ ಗೇರ್ ಮೊದಲಿನ ಗೇರ್ ಆಗಿ ಉಳಿಯಲಿಲ್ಲ. ಲೋಡ್ ಹೊತ್ತು ಹೊರಡುವಾಗ ಕ್ಲಚ್ ಅರ್ಧ ಹಿಡಿದೇ ಇರಬೇಕು, ವಾಸನೆ ಮೂಗಿಗೆ ಅಡರುತ್ತದೆ. ಮುಂದೆ ಆಕ್ಸಲ್ ದಂಡದ ಕೋನ ಕಡಿದಾಗಿ ಒಂದು ಕಡೆ ಅದರ ಕೀಲು ಮುಚ್ಚುವ ರಬ್ಬರ್ ಬೂಟ್ ಹರಿಯಿತು. ಡಿಸ್ಕಿನ ಒಳಮೈಗೆಲ್ಲ ಗ್ರೀಸ್. ಹೆಡ್‌ಲೈಟ್ ಎದುರು ಬರುವವರ ಕಣ್ಣಿಗೆ ನೇರ ಹೊಡೆಯುತ್ತಿತ್ತು, ಮಂಜು ಕವಿದ ರಾತ್ರಿಗಳಲ್ಲಿ ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಮೇಲಾಗಿ ಸ್ಟೆಪ್ನಿ ಟೈರು ಟ್ರೇ ಅಡಿಯ ತನ್ನ ಜಾಗದಲ್ಲಿ ಕೂರಲೇ ಇಲ್ಲ. ಅದನ್ನು ಟ್ರೇಯಲ್ಲೇ ಮಲಗಿಸಬೇಕಾಯಿತು. ಸರಕು ಹೊರುವ ಗಾಡಿಯಲ್ಲಿ ಎರಡು ಮೂಟೆಯ ಜಾಗ ಕಾಯಂ ಆಗಿ ಅದಕ್ಕೇ ಮೀಸಲು.

ಬ್ರೇಕಿನ ವಿಷಯವನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ಮುಗಿಸಲಾರೆ. ಕೊಯ್ಲಿನ ಸಮಯ, ಇಪ್ಪತ್ತು ಮೂಟೆ ಹೇರಿಕೊಂಡು ಮನೆಯ ಏರನ್ನು ಇಳಿಯುತ್ತಿದ್ದೆ. ಬ್ರೇಕ್ ಒತ್ತಿದಾಗ ಮೂತಿ ನೆಲಕ್ಕೆ ಬಾಗುತ್ತದೆ, ಹಿಂಭಾಗ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ದೂಡುತ್ತಲೇ ಇರುತ್ತದೆ. ಕೆಳಗೆ ಬಂದು ನಿಂತಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ನಮ್ಮ ಹಳೆಯ ಮೆಕ್ಯಾನಿಕ್ ಗಾಡಿಯ ಅಡಿಗೆ ನುಸುಳಿ, ಟಾರ್ಚ್ ಹಿಡಿದು ನನ್ನನ್ನೂ ಕರೆದ. ಚಾಸಿಗೆ ಬಿಗಿದ ಒಂದು ಪುಟ್ಟ ವಾಲ್ವ್, ಅದರಿಂದ ಹೌಸಿಂಗ್‌ಗೆ ಇಳಿದ ಬೆರಳು ಗಾತ್ರದ ಸರಳು. ಲೋಡ್ ಬಿದ್ದು ಚಾಸಿ ತಗ್ಗಿದಾಗ ಆ ಸರಳು ವಾಲ್ವ್ ತೆರೆದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕಳುಹಿಸುತ್ತದೆ. ಗಾಡಿ ಖಾಲಿಯಾಗಿ ಮೇಲೆದ್ದಾಗ ಕಡಿಮೆ ಮಾಡುತ್ತದೆ, ಇಲ್ಲದಿದ್ದರೆ ಹಗುರವಾದ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗೀತು ಎಂದು. ಹಲವು ಪಿಕಪ್‌ಗಳಲ್ಲಿ ಈ ವ್ಯವಸ್ಥೆ ಇರುತ್ತದೆ. ನಾನು ಚಾಸಿಯನ್ನು ಎರಡು ಇಂಚು ಎತ್ತಿದ್ದೆ, ಸರಳನ್ನು ಯಾರೂ ಮುಟ್ಟಿರಲಿಲ್ಲ. ಮೆಕ್ಯಾನಿಕ್ ಅದನ್ನು ಬೆರಳಿನಿಂದ ತಟ್ಟಿ ಹೇಳಿದ: "ನೀವು ಒಂದು ಟನ್ ಹೇರಿದರೂ ಇದರ ಲೆಕ್ಕದಲ್ಲಿ ನಿಮ್ಮ ಗಾಡಿ ಅರ್ಧ ಖಾಲಿ."

ಇಡೀ ಕೊಯ್ಲನ್ನು ನಾನು ಹಾಗೆಯೇ ಓಡಿಸಿದ್ದೆ. ಆ ಗಾಡಿಯಲ್ಲಿ ಶಿರಾಡಿ ಘಾಟಿಯನ್ನೂ ಇಳಿದಿದ್ದೆ. ಈಗ ನೆನೆದರೆ ಅಂಗೈ ಬೆವರುತ್ತದೆ.

ಸರಳನ್ನು ಸರಿಪಡಿಸಬಹುದಿತ್ತು. ಬೂಟ್ ಬದಲಿಸಬಹುದಿತ್ತು, ಬದಲಿಸಿದೆ ಕೂಡ. ಕೊನೆಗೆ ನನ್ನ ಮನಸ್ಸು ತಿರುಗಿಸಿದ್ದು ಇವು ಯಾವುದೂ ಅಲ್ಲ.

ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಮೂಟೆ ಹೇರುವ ಹಿರಿಯರೊಬ್ಬರಿದ್ದಾರೆ. ಐದಡಿ ಎರಡು ಇಂಚು ಇದ್ದಾರು. ಗಾಡಿ ಎತ್ತಿಸಿದ ಮೇಲೆ ಮೊದಲ ಲೋಡಿಗೆ ಬಂದವರು ಹಿಂದಿನ ಬಾಗಿಲು ಇಳಿಸಿ, ಅದರ ಅಂಚಿನ ಮೇಲೆ ಅಂಗೈ ಇಟ್ಟರು. ಆಮೇಲೆ ಅದೇ ಕೈಯನ್ನು ಅಡ್ಡಲಾಗಿ ತಮ್ಮ ಮೈಗೆ ತಂದು ನೋಡಿಕೊಂಡರು. ಮೊದಲು ಸೊಂಟದ ಮೇಲೆ ಇದ್ದ ಅಂಚು ಈಗ ಪಕ್ಕೆಲುಬಿಗೆ ಬಂದಿತ್ತು. "ಗಾಡಿ ಬೆಳೆದುಬಿಟ್ಟಿದೆ. ನಾನು ಬೆಳೆಯಲಿಲ್ಲವಲ್ಲ" ಎಂದರು. ಎಲ್ಲರೂ ನಕ್ಕೆವು. ಅವರು ಹೋಗಿ ಕಣದ ಪಕ್ಕದಿಂದ ಒಂದು ಚಪ್ಪಡಿ ಕಲ್ಲು ತಂದು ಗಾಡಿಯ ಹಿಂದೆ ಹಾಕಿಕೊಂಡರು. ಐವತ್ತು ಕಿಲೋ ಮೂಟೆ ಬೆನ್ನ ಮೇಲೆ, ಒಂದು ಕಾಲು ಕಲ್ಲಿನ ಮೇಲೆ, ಮೈ ಒಮ್ಮೆ ತೂಗಿ, ಆಮೇಲೆ ಮೂಟೆ ಒಳಗೆ. ಹೀಗೆ ಇಪ್ಪತ್ತು ಸಲ. ಎರಡು ಲೋಡ್ ಇದ್ದ ದಿನ ನಲವತ್ತು.

ಜನವರಿಯ ಒಂದು ಸಂಜೆ ಆ ಕಲ್ಲು ಅಲುಗಾಡಿತು. ಅವರು ಬೀಳಲಿಲ್ಲ, ಮೂಟೆ ಬಿತ್ತು. ಹೊಲಿಗೆ ಬಿಚ್ಚಿ ಕಾಫಿ ಚೆಲ್ಲಿತು. ಅವರು ಬೆನ್ನು ಹಿಡಿದುಕೊಂಡು ಕೂತೇ ಚೆಲ್ಲಿದ್ದನ್ನು ಬಾಚತೊಡಗಿದರು. ನಾನು ಅಲ್ಲಿ ಮೊಬೈಲ್‌ನಲ್ಲಿ ಗಾಡಿಯ ಫೋಟೊ ತೆಗೆಯುತ್ತಿದ್ದೆ, ಸಂಜೆಯ ಬೆಳಕು ಚೆನ್ನಾಗಿತ್ತು. ಅದೇ ಫೋಟೊವನ್ನು ಇಲ್ಲಿ ಹಾಕಿ ನಿಮ್ಮಿಂದ ಲೈಕ್ ಗಿಟ್ಟಿಸಿದ್ದೆ. ಅವರು ವಾರವಿಡೀ ಕೆಲಸಕ್ಕೆ ಬರಲಿಲ್ಲ. ಆ ವಾರದ ಕೂಲಿ ಕೊಟ್ಟೆ. ಅದನ್ನು ಇಲ್ಲಿ ಬರೆಯುವಾಗ ದೊಡ್ಡಸ್ತಿಕೆಯ ಮಾತಿನಂತೆ ಕೇಳಿಸುತ್ತಿದೆ, ಹಾಗೇನೂ ಅಲ್ಲ.

ಎತ್ತಿಸುವುದೇ ತಪ್ಪು ಎನ್ನುವವನು ನಾನಲ್ಲ. ಐಸ್‌ಲ್ಯಾಂಡಿನವರು ಹೈಲಕ್ಸ್ ಪಿಕಪ್‌ಗಳಿಗೆ 38 ಇಂಚಿನ ಟೈರು ಹಾಕುತ್ತಾರೆ. ಹಿಮದ ಮೇಲೆ ಟೈರಿನ ಗಾಳಿಯ ಒತ್ತಡವನ್ನು ಮೂರು ನಾಲ್ಕು ಪಿಎಸ್‌ಐವರೆಗೆ ಇಳಿಸಿದರೆ ಟೈರು ಚಪ್ಪಟೆಯಾಗಿ ಹರಡಿ, ಗಾಡಿ ಹಿಮದಲ್ಲಿ ಹೂತುಹೋಗದೆ ಮೇಲೆಯೇ ತೇಲುತ್ತದೆ. ಅಲ್ಲಿ ದೊಡ್ಡ ಟೈರಿಗೆ ಒಂದು ಕೆಲಸವಿದೆ. ಟೈರಿಗೆ ಜಾಗ ಮಾಡಲು ಮಡ್‌ಗಾರ್ಡ್ ಕತ್ತರಿಸಿ ಅಗಲಿಸುತ್ತಾರೆಯೇ ಹೊರತು ಬರೀ ಗಾಡಿಯನ್ನು ಆಕಾಶಕ್ಕೆ ಎತ್ತುವುದಿಲ್ಲ. ನಮ್ಮಲ್ಲಿ ಹಿಮವೆಲ್ಲಿ? ನಮ್ಮ ಜೇಡಿಯ ಕೆಳಗೆ ಗಟ್ಟಿ ನೆಲವಿದೆ. ಅಪ್ಪನ ಹಳೆಯ ಜೀಪಿಗೆ ಇದ್ದದ್ದು 6.00-16 ಟೈರು, ಅಗಲ ಆರೇ ಇಂಚು. ಅದು ಕೆಸರನ್ನು ಸೀಳಿ ಕೆಳಗಿನ ಗಟ್ಟಿಗೆ ಕಾಲೂರುತ್ತಿತ್ತು. ಸಾಲದಿದ್ದರೆ ಚೈನ್ ಕಟ್ಟುತ್ತಿದ್ದೆವು. ನನ್ನ ಹತ್ತೂವರೆ ಇಂಚಿನ ಮಡ್ ಟೈರು ಜೇಡಿಯ ಮೇಲೆ ಗಂಭೀರವಾಗಿ ಕೂತು, ಗಂಭೀರವಾಗಿಯೇ ಪಕ್ಕಕ್ಕೆ ಜಾರುತ್ತಿತ್ತು. ಟಾರು ರಸ್ತೆಗೆ ಬಂದರೆ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಎನ್ನುವ ಸದ್ದು.

ಖಾಲಿ ಗಾಡಿ ಕೆಸರಿನಲ್ಲಿ ಒದ್ದಾಡಿದರೆ ಗಾಳಿಯನ್ನು 35ರಿಂದ 20 ಪಿಎಸ್‌ಐಗೆ ಇಳಿಸಿ ನೋಡಿ. ಟೈರಿನ ಪಾದ ಉದ್ದವಾಗುತ್ತದೆ, ಹಿಡಿತ ಹೆಚ್ಚುತ್ತದೆ. ಟಾರಿಗೆ ಬರುವ ಮೊದಲು ಮತ್ತೆ ತುಂಬಿಸಿ, ಅದಕ್ಕೊಂದು ಸಣ್ಣ ಪಂಪು ಸಾಕು. ಲೋಡ್ ಇದ್ದಾಗ ಮಾತ್ರ ಈ ಸಾಹಸ ಬೇಡ.

ಕಾನೂನಿನ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ಅದನ್ನು ಮೊದಲು ಹೇಳಿದರೆ ಹುಡುಗರು ಮುಂದೆ ಓದುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂಬುದು ಅದರ ಸಾರ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಮಾರ್ಪಾಡು ಒಂದಕ್ಕೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. "ಮಾರ್ಪಾಡು ಒಂದಕ್ಕೆ" ಎಂಬುದನ್ನು ಎರಡು ಸಲ ಓದಿ. ಇನ್ನು ಅಪಘಾತವಾದ ಮೇಲೆ ಇನ್ಶೂರೆನ್ಸ್‌ನವರು ಗಾಡಿಯ ಅಡಿಗೆ ಬಗ್ಗಿ ನೋಡಿದರೆ ನೀವು ಏನು ಉತ್ತರ ಕೊಡುತ್ತೀರಿ ಎಂಬುದನ್ನು ಸ್ಪೇಸರ್ ಕೊಳ್ಳುವ ಮೊದಲೇ ಯೋಚಿಸಿಟ್ಟುಕೊಳ್ಳಿ.

ಈಗ ಹಳೆಯ ಅಳತೆಯ ಟೈರೇ ಹಾಕಿಸಿದ್ದೇನೆ, ಹಲ್ಲು ಸ್ವಲ್ಪ ದೊಡ್ಡದು, ಅಷ್ಟೇ. ಟ್ರೇಯಲ್ಲಿ ಒಂದು ಜೊತೆ ಚೈನ್ ಇದೆ. ದಾರಿಯ ನಡುವಿನ ದಿಣ್ಣೆಯನ್ನು ಮೂರು ಜನ ಒಂದು ದಿನ ಗುದ್ದಲಿ ಹಿಡಿದು ಕೆತ್ತಿದೆವು. ಎರಡು ವರ್ಷದ ಹಿಂದೆಯೇ ಮಾಡಬಹುದಾಗಿದ್ದ ಕೆಲಸ. ಸ್ಪೇಸರ್‌ಗಳು ಕಣದಲ್ಲಿ ಟಾರ್ಪಾಲಿನ ಅಂಚು ಹಾರದಂತೆ ಭಾರಕ್ಕೆ ಕೂತಿವೆ.

31 ಇಂಚಿನ ಟೈರು ಐದೂ ಮಾರಾಟಕ್ಕಿವೆ, ಸ್ಟೆಪ್ನಿಯದು ನೆಲ ಕಂಡೇ ಇಲ್ಲ. ಹತ್ತು ಹನ್ನೆರಡು ಜನ ಫೋನ್ ಮಾಡಿದರು, ಎಲ್ಲರದೂ ಒಂದೇ ಪ್ರಶ್ನೆ: ಹಾಕಿದರೆ ಗಾಡಿ ಎಷ್ಟು ಎತ್ತರ ಕಾಣುತ್ತದೆ? ನಿನ್ನೆ ಬೇಲೂರಿನ ಕಡೆಯವರೊಬ್ಬರು ಮಾತ್ರ, "ಹೌಸಿಂಗ್ ಅಡಿಗೆ ಎಷ್ಟು ಸಿಗುತ್ತದೆ?" ಎಂದು ಕೇಳಿದರು. 27 ಮಿಲಿಮೀಟರ್ ಎಂದೆ. "ಯೋಚಿಸಿ ಹೇಳುತ್ತೇನೆ" ಎಂದು ಫೋನಿಟ್ಟರು. ಅವರು ಮತ್ತೆ ಕರೆ ಮಾಡಿದರೆ ಐನೂರು ಕಡಿಮೆಗೆ ಅವರಿಗೇ ಕೊಡುತ್ತೇನೆ.